ಒಂದೇ ಪೊರೆ, ಬೇರೆ ಬೇರೆ ಆಕಾರ: ಒತ್ತಡ ಎಲ್ಲಿ ಬೀಳುತ್ತದೆ ನೋಡಿ ಆರಿಸಿ

ಕಳೆದ ತಿಂಗಳು ಒಂದು ಅಪಾರ್ಟ್‌ಮೆಂಟಿನ ಸಮಿತಿಯವರು ಎರಡು ಕೊಟೇಶನ್ ಹಿಡಿದುಕೊಂಡು ಬಂದಿದ್ದರು. ಅವರ ಎಸ್‌ಟಿಪಿಗೆ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕಕ್ಕೆ, ಮೆಂಬ್ರೇನ್ (ನೀರು ಸೋಸುವ ಪೊರೆ) ಹಾಕಿಸಬೇಕಿತ್ತು. ಎರಡರಲ್ಲೂ ಮೆಂಬ್ರೇನಿನ ವಸ್ತು ಒಂದೇ, ಪಿವಿಡಿಎಫ್ ಅನ್ನುವ ಪ್ಲಾಸ್ಟಿಕ್. ರಂಧ್ರದ ಅಳತೆಯಲ್ಲೂ ಅಂಥ ವ್ಯತ್ಯಾಸವಿಲ್ಲ. ಆದರೆ ಒಬ್ಬರದ್ದು ಹಾಳೆ, ಇನ್ನೊಬ್ಬರದ್ದು ಒಳಗೆ ಟೊಳ್ಳಾದ ನೂಲು. ಗಾಳಿ ಊದುವ ಬ್ಲೋವರ್ ಬೇರೆ, ಪಂಪು ಬೇರೆ, ತೊಟ್ಟಿಯ ಅಳತೆ ಬೇರೆ, ಬೆಲೆಯೂ ಬೇರೆ. "ವಸ್ತು ಒಂದೇ ಆದಮೇಲೆ ಇಷ್ಟು ವ್ಯತ್ಯಾಸ ಯಾಕೆ ಸಾರ್?" ಅಂತ ಕೇಳಿದರು.

ತುಂಬಾ ಒಳ್ಳೆಯ ಪ್ರಶ್ನೆ. ನೀರು ಶುದ್ಧೀಕರಣದ ಕೆಲಸದಲ್ಲಿ ಇಷ್ಟು ವರ್ಷ ಇದ್ದು ನನಗೆ ಗಟ್ಟಿಯಾಗಿ ಅನಿಸಿರುವುದು ಇದು: ಪೊರೆ ಯಾವುದನ್ನು ಬಿಡುತ್ತದೆ, ಯಾವುದನ್ನು ತಡೆಯುತ್ತದೆ ಅನ್ನುವುದನ್ನು ವಸ್ತು ನಿರ್ಧರಿಸುತ್ತದೆ. ಪಂಪು ಕೊಟ್ಟ ಒತ್ತಡದಲ್ಲಿ ಪೊರೆಗೆ ನಿಜಕ್ಕೂ ಎಷ್ಟು ತಲುಪುತ್ತದೆ, ಎಲ್ಲಿ ತಲುಪುತ್ತದೆ ಅನ್ನುವುದನ್ನು ಆಕಾರ ನಿರ್ಧರಿಸುತ್ತದೆ. ಗೇಜಿನಲ್ಲಿ ಕಾಣುವ ಒತ್ತಡವೇ ಬೇರೆ, ಪೊರೆಗೆ ಸಿಗುವ ಒತ್ತಡವೇ ಬೇರೆ. ಇದು ಗೊತ್ತಿದ್ದರೆ ಅರ್ಧ ಆಯ್ಕೆ ಆದ ಹಾಗೆ.

ಆಕಾರ ಬದಲಿಸಲಾರದ್ದು

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಬಿಡೋಣ. ಪೊರೆಯನ್ನು ಬಾಗಿಸಿದರೆ, ಸುತ್ತಿದರೆ, ನೂಲು ಮಾಡಿದರೆ ಅಭಿಸರಣ ಒತ್ತಡ (ಉಪ್ಪು ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ನೀರು ಪೊರೆ ದಾಟಿ ನುಗ್ಗುವ ಒತ್ತಡ) ಬದಲಾಗುವುದಿಲ್ಲ. ಅದು ನೀರಿನಲ್ಲಿ ಕರಗಿರುವ ಉಪ್ಪಿನ ಪ್ರಮಾಣ ಮತ್ತು ತಾಪಮಾನದ ಮೇಲೆ ನಿಂತಿದೆ. ಲೀಟರಿಗೆ 1000 ಮಿಲಿಗ್ರಾಂ ಉಪ್ಪಿರುವ ಬೋರ್‌ವೆಲ್ ನೀರಿಗೆ ಸುಮಾರು 0.7 ಬಾರ್. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಅದಕ್ಕೆ ಸುಮಾರು 27 ಬಾರ್. ಪೊರೆ ಚಪ್ಪಟೆಯಾಗಿದ್ದರೂ ಅಷ್ಟೇ, ದುಂಡಗಿದ್ದರೂ ಅಷ್ಟೇ. ಆರ್‌ಓದಲ್ಲಿ, ಅಂದರೆ ಒತ್ತಡ ಹಾಕಿ ನೀರಿನಿಂದ ಉಪ್ಪು ಬೇರೆ ಮಾಡುವ ವಿಧಾನದಲ್ಲಿ, ನೀರು ಹಿಂದಕ್ಕೆ ಹರಿಯಬೇಕಾದರೆ ಪಂಪು ಮೊದಲು ಇಷ್ಟನ್ನು ಮೀರಬೇಕು. ಅದರ ಮೇಲೆ ಉಳಿದ ಒತ್ತಡ ಮಾತ್ರ ನೀರನ್ನು ಆಚೆ ತಳ್ಳುತ್ತದೆ.

ಆದರೆ ಅದೇ ಒತ್ತಡವನ್ನು ಪೊರೆ ತಡೆದುಕೊಳ್ಳುತ್ತದೋ ಇಲ್ಲವೋ ಅನ್ನುವುದು ಆಕಾರದ ವಿಷಯ. 1748ರಲ್ಲಿ ಫ್ರಾನ್ಸಿನ ಜಾನ್ ಆಂಟ್ವಾನ್ ನೊಲೆ ಮದ್ಯಸಾರ ತುಂಬಿದ ಸೀಸೆಯ ಬಾಯಿಗೆ ಪ್ರಾಣಿಯ ಮೂತ್ರಕೋಶದ ಪೊರೆ ಕಟ್ಟಿ ನೀರಿನಲ್ಲಿ ಮುಳುಗಿಸಿಟ್ಟರು. ಕೆಲವು ಗಂಟೆ ಕಳೆದ ಮೇಲೆ ಚಪ್ಪಟೆಯಾಗಿದ್ದ ಪೊರೆ ಗುಮ್ಮಟದ ಹಾಗೆ ಉಬ್ಬಿತ್ತು. ಚುಚ್ಚಿದರೆ ಒಳಗಿನದು ಮೇಲಕ್ಕೆ ಚಿಮ್ಮಿತು. ನೀರು ಒಳಗೆ ನುಗ್ಗಿದ್ದಕ್ಕೆ ಅದೇ ಸಾಕ್ಷಿ. ಆದರೆ ಇಷ್ಟು ಮೆತ್ತಗಿನ ಪೊರೆ ಇಟ್ಟುಕೊಂಡು ದೊಡ್ಡ ಒತ್ತಡ ಅಳೆಯಲು ಆಗುವುದಿಲ್ಲ. ಜರ್ಮನಿಯ ವಿಲ್‌ಹೆಲ್ಮ್ ಫೆಫರ್ ಒಂದು ದಾರಿ ಕಂಡುಕೊಂಡರು. ಸಣ್ಣ ರಂಧ್ರಗಳಿರುವ ಮಣ್ಣಿನ ಕುಡಿಕೆಯ ಗೋಡೆಯಲ್ಲೇ ಪೊರೆ ಕೂರುವ ಹಾಗೆ ಮಾಡಿದರು. ಬಲ ಮಡಕೆಯದು, ಆಯ್ಕೆಯ ಕೆಲಸ ಪೊರೆಯದು. 1877ರಲ್ಲಿ ಅವರು ಪ್ರಕಟಿಸಿದ ಅಳತೆಗಳನ್ನು ಇಟ್ಟುಕೊಂಡೇ ಡಚ್ ರಸಾಯನಶಾಸ್ತ್ರಜ್ಞ ವಾಂಟ್ ಹಾಫ್ ಅಭಿಸರಣ ಒತ್ತಡದ ನಿಯಮ ಕಟ್ಟಿದರು. 1901ರಲ್ಲಿ ರಸಾಯನಶಾಸ್ತ್ರದ ಮೊದಲ ನೊಬೆಲ್ ಅವರಿಗೇ ಬಂತು. ಇವತ್ತು ಮಾರುಕಟ್ಟೆಯಲ್ಲಿರುವ ಬಹುತೇಕ ಮೆಂಬ್ರೇನುಗಳಲ್ಲಿ ಫೆಫರರ ಆ ಕುಡಿಕೆ ಯಾವುದೋ ರೂಪದಲ್ಲಿ ಇದ್ದೇ ಇದೆ.

ಆಕಾರ ಬದಲಿಸುವುದು

ಒಂದು, ಬಲ. ಟೈರ್ ನೆನಪಿಸಿಕೊಳ್ಳಿ. ರೇಸ್ ಸೈಕಲ್ಲಿನ ತೆಳ್ಳನೆಯ ಟೈರಿಗೆ 100 ಪಿಎಸ್‌ಐ ಗಾಳಿ ತುಂಬಿಸುತ್ತಾರೆ. ಟ್ರ್ಯಾಕ್ಟರಿನ ಹಿಂದಿನ ಟೈರ್ ಎಷ್ಟೋ ದಪ್ಪ, ಆದರೂ ಅದಕ್ಕೆ 15ರಿಂದ 20 ಪಿಎಸ್‌ಐ ಅಷ್ಟೇ. ಕೊಳವೆ ದೊಡ್ಡದಾದಷ್ಟೂ ಅದೇ ಒತ್ತಡ ಗೋಡೆಯನ್ನು ಜಾಸ್ತಿ ಎಳೆಯುತ್ತದೆ. ಎಳೆತ ವ್ಯಾಸಕ್ಕೆ ತಕ್ಕಂತೆ ಏರುತ್ತದೆ, ಗೋಡೆಯ ದಪ್ಪಕ್ಕೆ ತಕ್ಕಂತೆ ಇಳಿಯುತ್ತದೆ. ಹಾಗಾಗಿ ಕೂದಲಿನಷ್ಟು ಸಣ್ಣ ನೂಲು ಯಾವ ಆಸರೆಯೂ ಇಲ್ಲದೆ ಹತ್ತಾರು ಬಾರ್ ತಡೆಯುತ್ತದೆ. ಚಪ್ಪಟೆ ಹಾಳೆಗೆ ಬಾಗೇ ಇಲ್ಲ. ಶಾಮಿಯಾನದ ಮೇಲೆ ಮಳೆ ನೀರು ನಿಂತರೆ ಬಟ್ಟೆ ಜೋಲುತ್ತದಲ್ವಾ, ಇದೂ ಹಾಗೇ. ಹಿಂದಿನಿಂದ ಏನಾದರೂ ಹೊತ್ತುಕೊಳ್ಳಲೇಬೇಕು. ಆ ಆಸರೆ ಒಂದೇ ಕಡೆ ಇರುವುದರಿಂದ ಹಾಳೆ ಒಂದೇ ದಿಕ್ಕಿನ ಒತ್ತಡಕ್ಕೆ ಗಟ್ಟಿ. ಹಿಂದಿನಿಂದ ತಳ್ಳಿದರೆ ಕಿತ್ತು ಬರುತ್ತದೆ. ಈ ಮಾತು ನೆನಪಿರಲಿ, ಮುಂದೆ ಎರಡು ಸಲ ಬರುತ್ತದೆ.

ಎರಡು, ದಾರಿಯಲ್ಲಿ ಸೋರುವ ಒತ್ತಡ. ನೀರು ಕಿರಿದಾದ ದಾರಿಯಲ್ಲಿ ಹರಿಯುವಾಗ ಉಜ್ಜಾಟಕ್ಕೇ ಒಂದಿಷ್ಟು ಒತ್ತಡ ಖರ್ಚಾಗುತ್ತದೆ. ಕೊಳವೆಯ ಒಳವ್ಯಾಸ ಅರ್ಧವಾದರೆ, ಅಷ್ಟೇ ನೀರು ಹರಿಸಲು 16 ಪಟ್ಟು ಒತ್ತಡ ಬೇಕು. ಎರಡು ಪಟ್ಟಲ್ಲ, ನಾಲ್ಕು ಪಟ್ಟಲ್ಲ, 16 ಪಟ್ಟು. ಬಲದ ದೃಷ್ಟಿಯಿಂದ ಸಣ್ಣ ನೂಲು ಒಳ್ಳೆಯದು, ಹರಿವಿನ ದೃಷ್ಟಿಯಿಂದ ಕೆಟ್ಟದ್ದು. ಮೆಂಬ್ರೇನಿನ ಆಕಾರ ಆರಿಸುವುದೆಂದರೆ ಮುಖ್ಯವಾಗಿ ಈ ಜಗ್ಗಾಟವನ್ನು ಬಿಡಿಸುವುದೇ.

ಮೂರು, ಪೊರೆಯ ಮೈಮೇಲೆ ಕೂರುವ ಪದರ. ನೀರು ಆಚೆ ಹೋಗುತ್ತದೆ, ಉಪ್ಪು ಮತ್ತು ಕೆಸರು ಈಚೆ ಉಳಿಯುತ್ತವೆ. ಅವನ್ನು ಗುಡಿಸಿಕೊಂಡು ಹೋಗುವಷ್ಟು ಹರಿವು ಇಲ್ಲದಿದ್ದರೆ ಪೊರೆಯ ಹತ್ತಿರದ ನೀರು ಉಳಿದ ನೀರಿಗಿಂತ ಜಾಸ್ತಿ ಉಪ್ಪಾಗುತ್ತದೆ. ಅಂದರೆ ಮೀರಬೇಕಾದ ಅಭಿಸರಣ ಒತ್ತಡ ಅಲ್ಲೇ ಏರುತ್ತದೆ, ಗೇಜಿಗೆ ಮಾತ್ರ ಗೊತ್ತಾಗುವುದಿಲ್ಲ. ದಾರಿ ಎಷ್ಟು ಅಗಲ, ಅದರಲ್ಲಿ ನೀರು ಎಷ್ಟು ಕಲಕಿಕೊಂಡು ಹೋಗುತ್ತದೆ, ಗುಳ್ಳೆಗಳು ತಾಗುತ್ತವೋ ಇಲ್ಲವೋ, ಎಲ್ಲವೂ ಆಕಾರದಿಂದಲೇ ಬರುವುದು.

ಹಾಳೆಯೋ ನೂಲೋ: ಎಸ್‌ಟಿಪಿಯ ಪ್ರಶ್ನೆ

ಎಸ್‌ಟಿಪಿಯಲ್ಲಿ ಮೆಂಬ್ರೇನನ್ನು ಕೆಸರು ನೀರಿನಲ್ಲೇ ಮುಳುಗಿಸಿ, ಒಳಗಿನಿಂದ ಮೆಲ್ಲಗೆ ಹೀರುತ್ತಾರೆ. ಮೆಂಬ್ರೇನ್ ಕೆಸರಿನಲ್ಲೇ ಕೂರುವ ಈ ಪದ್ಧತಿಯನ್ನು ಜಪಾನಿನ ಕಜುವೊ ಯಾಮಾಮೊಟೊ ಮತ್ತು ಜೊತೆಗಾರರು 1989ರಲ್ಲಿ ತೋರಿಸಿಕೊಟ್ಟರು. ಅದಕ್ಕೂ ಮುಂಚೆ ಕೆಸರನ್ನು ಪಂಪಿನಲ್ಲಿ ಹೊರಗಿನ ಕೊಳವೆಗಳಿಗೆ ತಳ್ಳಬೇಕಿತ್ತು, ಕರೆಂಟು ವಿಪರೀತ ಆಗುತ್ತಿತ್ತು.

ಇಲ್ಲಿ ಒತ್ತಡ ತುಂಬಾ ಕಡಿಮೆ. 100ರಿಂದ 300 ಮಿಲಿಬಾರ್ (ಒಂದು ಬಾರ್ ಅಂದರೆ 1000 ಮಿಲಿಬಾರ್) ಎಳೆತದಲ್ಲಿ ಕೆಲಸ ನಡೆಯುತ್ತದೆ. ಅಷ್ಟು ಕಡಿಮೆ ಇರುವುದರಿಂದಲೇ ಒಂದೊಂದು ಮಿಲಿಬಾರ್ ಎಲ್ಲಿ ಹೋಯಿತು ಅನ್ನುವುದು ಮುಖ್ಯವಾಗುತ್ತದೆ. ಕೆಲವರು ಕೇಳುತ್ತಾರೆ, ತೊಟ್ಟಿಯ ತಳದಲ್ಲಿ ನೀರಿನ ಒತ್ತಡ ಜಾಸ್ತಿ ಅಲ್ವಾ, ಅಲ್ಲಿ ಮೆಂಬ್ರೇನ್ ಹೆಚ್ಚು ನೀರು ಬಿಡುತ್ತದಾ ಅಂತ. ಇಲ್ಲ. ಪೊರೆಯ ಒಳಗಡೆಯೂ ನೀರೇ ತುಂಬಿದೆ. ಎರಡೂ ಕಡೆ ಆಳ ಒಂದೇ ಆದ್ದರಿಂದ ಒಂದನ್ನೊಂದು ಕಳೆದುಹಾಕುತ್ತವೆ. ಉಳಿಯುವುದು ಪಂಪಿನ ಎಳೆತ ಮಾತ್ರ.

ಈಗ ನೂಲನ್ನು ನೋಡೋಣ. ಹಾಲೋ ಫೈಬರ್ ಅನ್ನುತ್ತಾರೆ. ಹೊರವ್ಯಾಸ 1.9 ಮಿ.ಮೀ., ಒಳವ್ಯಾಸ 0.8 ಮಿ.ಮೀ. ಇರುವ ನೂಲು ಅಂದುಕೊಳ್ಳಿ. ಗಂಟೆಗೆ ಒಂದು ಚದರ ಮೀಟರಿನಿಂದ 20 ಲೀಟರ್ ನೀರು ತೆಗೆಯುತ್ತೇವೆ. ನೂಲಿನ ಉದ್ದ 1 ಮೀಟರ್, ಒಂದೇ ತುದಿಯಿಂದ ಹೀರುತ್ತೇವೆ. ಲೆಕ್ಕ ಹಾಕಿದರೆ ನೂಲಿನ ಒಳಗೇ ಸುಮಾರು 16 ಮಿಲಿಬಾರ್ ಕಳೆದುಹೋಗುತ್ತದೆ. ಪರವಾಗಿಲ್ಲ. ಅದೇ ನೂಲು 2 ಮೀಟರ್ ಇದ್ದರೆ? ನಷ್ಟ ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಸುಮಾರು 65 ಮಿಲಿಬಾರ್. ಯಾಕೆಂದರೆ ದಾರಿಯೂ ಉದ್ದವಾಯಿತು, ಆ ದಾರಿಯಲ್ಲಿ ಸೇರಿಕೊಳ್ಳುವ ನೀರೂ ಜಾಸ್ತಿಯಾಯಿತು. 150 ಮಿಲಿಬಾರ್ ಎಳೆತ ಕೊಟ್ಟರೆ ಆ ಕೊನೆಗೆ ತಲುಪುವುದು ಅಂದಾಜು 85. ಇನ್ನು 1 ಮೀಟರ್ ನೂಲಿನ ಒಳವ್ಯಾಸವನ್ನು 0.4 ಮಿ.ಮೀ. ಮಾಡಿಬಿಟ್ಟರೆ, ಅಷ್ಟೇ ನೀರಿಗೆ 260 ಮಿಲಿಬಾರ್ ಒಳಗೇ ಕರಗಬೇಕು. ಎಳೆತವೇ ಅಷ್ಟಿಲ್ಲ.

ಇದರ ಪರಿಣಾಮ ಏನು? ಹೀರುವ ತುದಿಯ ಹತ್ತಿರದ ನೂಲು ತನ್ನ ಪಾಲಿಗಿಂತ ಜಾಸ್ತಿ ನೀರು ಎಳೆಯುತ್ತದೆ. ಅಲ್ಲಿ ಕೆಸರು ಮೊದಲು ಕೂರುತ್ತದೆ. ಅದು ಕಟ್ಟಿಕೊಂಡ ಮೇಲೆ ಕೆಲಸ ಪಕ್ಕದ ಭಾಗಕ್ಕೆ ದಾಟುತ್ತದೆ, ಆಮೇಲೆ ಅದೂ ಕಟ್ಟಿಕೊಳ್ಳುತ್ತದೆ. ಒಟ್ಟು ಲೆಕ್ಕದಲ್ಲಿ ಎಲ್ಲ ಸರಿ ಕಾಣುತ್ತದೆ, ಒಂದು ದಿನ ಇದ್ದಕ್ಕಿದ್ದಂತೆ ಎಳೆತ ಏರಿಬಿಡುತ್ತದೆ. ಹಾಗಾಗಿ ಉದ್ದ ನೂಲಿನ ಮಾಡ್ಯೂಲ್ (ನೂಲುಗಳ ಕಟ್ಟು) ತೋರಿಸಿದರೆ ಮೊದಲ ಪ್ರಶ್ನೆ ಇದೇ ಆಗಿರಲಿ: ಎರಡೂ ತುದಿಯಿಂದ ಹೀರುತ್ತೀರಾ, ಒಂದೇ ತುದಿಯಿಂದಲಾ? 2 ಮೀಟರ್ ನೂಲನ್ನು ಎರಡೂ ತುದಿಯಿಂದ ಹೀರಿದರೆ ಅದು 1 ಮೀಟರಿನ ಎರಡು ನೂಲಿದ್ದ ಹಾಗೆ. ನಷ್ಟ ಮತ್ತೆ 16ಕ್ಕೇ ಬರುತ್ತದೆ.

ಹಾಳೆಯಲ್ಲಿ ಈ ತೊಂದರೆ ಕಡಿಮೆ. ಎರಡು ಹಾಳೆಗಳ ನಡುವೆ ನೀರು ಇಳಿಯಲು ಅಗಲವಾದ ದಾರಿ ಇರುತ್ತದೆ. ಮೇಲಿಂದ ಕೆಳಗಿನವರೆಗೆ ಎಳೆತ ಹೆಚ್ಚುಕಡಿಮೆ ಒಂದೇ. ಎಷ್ಟೋ ಕಡೆ ಪಂಪೇ ಬೇಕಾಗುವುದಿಲ್ಲ. ಹೊರಹೋಗುವ ಪೈಪನ್ನು ತೊಟ್ಟಿಯ ನೀರಿನ ಮಟ್ಟಕ್ಕಿಂತ 1 ಮೀಟರ್ ಕೆಳಗೆ ಇಟ್ಟರೆ 100 ಮಿಲಿಬಾರ್ ತಾನೇ ಸಿಗುತ್ತದೆ. ನನಗೆ ಹಾಳೆಯಲ್ಲಿ ತುಂಬಾ ಇಷ್ಟವಾಗುವ ಗುಣ ಇದು.

ಆದರೆ ಹಾಳೆಯನ್ನು ಹಿಂದಿನಿಂದ ಜೋರಾಗಿ ತೊಳೆಯಲು ಆಗುವುದಿಲ್ಲ. ಮೊದಲೇ ಹೇಳಿದ ಹಾಗೆ ಆಸರೆ ಒಂದೇ ಕಡೆ ಇದೆ. ಬ್ಯಾಕ್‌ವಾಶ್ ಕೊಟ್ಟರೆ ಹಾಳೆ ಫಲಕದಿಂದ ಉಬ್ಬಿ ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ. ಬ್ಯಾಕ್‌ವಾಶ್ ತಡೆಯುವ ಹಾಗೆ ಮಾಡಿದ ಹಾಳೆಗಳೂ ಈಗ ಇವೆ, ಆದರೆ ತಯಾರಕರು ಬರವಣಿಗೆಯಲ್ಲಿ ಒಪ್ಪಿಕೊಂಡರೆ ಮಾತ್ರ ನಂಬಿ. ಸಾಮಾನ್ಯ ಹಾಳೆಗೆ ವಿಶ್ರಾಂತಿಯೇ ಔಷಧಿ. 9 ನಿಮಿಷ ಹೀರಿ 1 ನಿಮಿಷ ಬಿಡುವುದು ರೂಢಿ. ಆ ಒಂದು ನಿಮಿಷ ಕೆಳಗಿನಿಂದ ಬರುವ ಗುಳ್ಳೆಗಳು ಮೈ ಉಜ್ಜಿ ಕೆಸರು ಸಡಿಲ ಮಾಡುತ್ತವೆ. ಉಜ್ಜುವ ಕೆಲಸವೆಲ್ಲ ಗಾಳಿಯ ಮೇಲೇ ಬಿದ್ದಿರುವುದರಿಂದ ಬ್ಲೋವರ್ ದೊಡ್ಡದು ಬೇಕು. ಸಮಿತಿಯವರ ಹಾಳೆಯ ಕೊಟೇಶನ್ನಿನಲ್ಲಿ ಬ್ಲೋವರ್ ಯಾಕೆ ದೊಡ್ಡದಿತ್ತು ಅನ್ನುವುದಕ್ಕೆ ಇದೇ ಉತ್ತರ. ನೂಲು ಎರಡೂ ದಿಕ್ಕಿನ ಒತ್ತಡ ತಡೆಯುತ್ತದೆ, ಹಾಗಾಗಿ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಅರ್ಧ ನಿಮಿಷ ಹಿಮ್ಮುಖವಾಗಿ ನೀರು ತಳ್ಳಿ ತೊಳೆಯಬಹುದು. ಅಷ್ಟೇ ಜಾಗದಲ್ಲಿ ಹೆಚ್ಚು ಚದರ ಮೀಟರ್ ಹಿಡಿಸುತ್ತದೆ. ತೊಟ್ಟಿ ಚಿಕ್ಕದಾಗುತ್ತದೆ.

ಇನ್ನು ಕೂದಲು. ಈ ಮಾತು ಯಾವ ಬ್ರೋಷರಿನಲ್ಲೂ ದೊಡ್ಡ ಅಕ್ಷರದಲ್ಲಿ ಇರುವುದಿಲ್ಲ, ಆದರೆ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಇದಕ್ಕಿಂತ ದೊಡ್ಡ ವಿಷಯ ಇಲ್ಲ. ಬಚ್ಚಲಿನಿಂದ ಬರುವ ಉದ್ದ ಕೂದಲು ಜಾಲರಿ ದಾಟಿ ಒಳಗೆ ಬಂದರೆ ನೂಲುಗಳ ಬುಡಕ್ಕೆ ಸುತ್ತಿಕೊಂಡು ಜಡೆ ಹೆಣೆದ ಹಾಗೆ ಆಗುತ್ತದೆ. ಅದರ ಸುತ್ತ ಕೆಸರು ಗಟ್ಟಿಯಾಗುತ್ತದೆ. ನೂರಾರು ನೂಲು ಒಂದೇ ಹಗ್ಗವಾಗಿಬಿಡುತ್ತವೆ. ಬಿಡಿಸಲು ಹೋದರೆ ಹರಿಯುತ್ತವೆ. ನೂಲಿನ ಮೆಂಬ್ರೇನಿಗೆ 1 ಮಿ.ಮೀ. ಜಾಲರಿ ಬೇಕೇ ಬೇಕು. ಅದನ್ನು ದಿನವೂ ತೆಗೆದು ತೊಳೆಯುವವರೂ ಬೇಕು. ಹಾಳೆಗೆ 2ರಿಂದ 3 ಮಿ.ಮೀ. ಜಾಲರಿ ಸಾಕಾಗುತ್ತದೆ. ಕೆಟ್ಟ ಒಂದು ಫಲಕವನ್ನು ಮಾತ್ರ ಎಳೆದು ತೆಗೆದು ಬದಲಿಸಬಹುದು.

ನನ್ನ ಅಭಿಪ್ರಾಯ ಕೇಳಿದರೆ: ಜಾಗ ಇದ್ದು, ಒಬ್ಬರೇ ಆಪರೇಟರ್ ಇರುವ ಚಿಕ್ಕ ಎಸ್‌ಟಿಪಿಗೆ ಹಾಳೆ. ಜಾಗ ಇಲ್ಲದ, ಒಳ್ಳೆಯ ಜಾಲರಿ ಮತ್ತು ಮೂರು ಪಾಳಿಯಲ್ಲೂ ನೋಡಿಕೊಳ್ಳುವ ಜನ ಇರುವ ದೊಡ್ಡ ಎಸ್‌ಟಿಪಿಗೆ ನೂಲು. ಕರೆಂಟ್ ಬಿಲ್ಲು ಒಂದನ್ನೇ ನೋಡಿ ನೂಲು ಆರಿಸಬೇಡಿ.

ಸುರುಳಿ: ಆರ್‌ಓ ಅಂದರೆ ಬಹುತೇಕ ಇದೇ

ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಕಾಣುವ ಬಿಳಿ ಉದ್ದ ಕೊಳವೆಗಳ ಒಳಗೆ ಇರುವುದು ಸುರುಳಿ ಮೆಂಬ್ರೇನ್. ಹಾಳೆಯನ್ನೇ ಲಕೋಟೆಯ ಹಾಗೆ ಮೂರು ಕಡೆ ಅಂಟಿಸಿ, ನಡುವೆ ಜಾಲರಿಯ ಬಟ್ಟೆ ಇಟ್ಟು, ಚಾಪೆ ಸುತ್ತಿದ ಹಾಗೆ ಸುತ್ತಿರುತ್ತಾರೆ. 8 ಇಂಚು ವ್ಯಾಸದ, 40 ಇಂಚು ಉದ್ದದ ಒಂದು ಸುರುಳಿಯಲ್ಲಿ ಸುಮಾರು 37 ಚದರ ಮೀಟರ್ ಪೊರೆ ಹಿಡಿಸುತ್ತದೆ. 20 ಅಡಿಗೆ 20 ಅಡಿಯ ಹಾಲ್‌ನಷ್ಟು ಜಾಗ ಒಂದು ಪೈಪಿನ ಒಳಗೆ! ಹಾಳೆಗೆ ಬೇಕಾದ ಆಸರೆಯನ್ನು ಲಕೋಟೆಯ ಒಳಗಿನ ಬಟ್ಟೆಯೇ ಕೊಡುತ್ತದೆ. ಅದಕ್ಕೇ ಇದು ಸಮುದ್ರ ನೀರಿಗೆ ಬೇಕಾಗುವ 60 ಬಾರ್ ಕೂಡ ತಡೆಯುತ್ತದೆ.

ಬೆಲೆಗೂ ಇದರಷ್ಟು ಕೊಡುವ ಆಕಾರ ಇನ್ನೊಂದಿಲ್ಲ. ಕೂದಲೆಳೆಯಂಥ ನೂಲಿನ ಆರ್‌ಓ ಮೆಂಬ್ರೇನನ್ನು ಅಮೆರಿಕದ ಡ್ಯುಪಾಂಟ್ ಕಂಪನಿ ಬಹಳ ಕಾಲ ಮಾರಿತು. ಜಾಗದ ಲೆಕ್ಕದಲ್ಲಿ ಅದನ್ನು ಮೀರಿಸುವುದು ಕಷ್ಟ, ಆದರೆ ನೂಲುಗಳ ನಡುವಿನ ಸಂದಿ ಅಷ್ಟು ಸಣ್ಣದಾದ್ದರಿಂದ ಸ್ವಲ್ಪ ಕೊಳೆ ಬಂದರೂ ಕಟ್ಟಿಕೊಳ್ಳುತ್ತಿತ್ತು. ಕೊನೆಗೆ ಸುರುಳಿಯೇ ಗೆದ್ದಿತು.

ಸುರುಳಿಯಲ್ಲಿ ಒತ್ತಡ ಎಲ್ಲಿ ಹೋಗುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ. ಲೀಟರಿಗೆ 2000 ಮಿಲಿಗ್ರಾಂ ಉಪ್ಪಿರುವ ನೀರು, ಪಂಪಿನ ಒತ್ತಡ 10 ಬಾರ್. ಮುಂದಿನ ತುದಿಯಲ್ಲಿ ಅಭಿಸರಣ ಒತ್ತಡ 1.4 ಬಾರ್. ಅಂದರೆ ಕೆಲಸಕ್ಕೆ ಸಿಗುವುದು 8.6. ನೂರು ಲೀಟರಿನಲ್ಲಿ 75 ಲೀಟರ್ ಶುದ್ಧ ನೀರು ತೆಗೆಯುತ್ತೀರಿ ಅಂದುಕೊಳ್ಳಿ. ಉಳಿದ 25 ಲೀಟರಿನಲ್ಲಿ ಹೆಚ್ಚುಕಡಿಮೆ ಎಲ್ಲ ಉಪ್ಪೂ ಸೇರಿಕೊಂಡು ನಾಲ್ಕು ಪಟ್ಟಾಗುತ್ತದೆ. ಹಿಂದಿನ ತುದಿಯಲ್ಲಿ ಅಭಿಸರಣ ಒತ್ತಡ 5.6. ದಾರಿಯಲ್ಲಿ ಒಂದು ಬಾರ್ ಉಜ್ಜಾಟಕ್ಕೆ ಹೋಯಿತು ಅಂದರೆ ಅಲ್ಲಿ ಉಳಿಯುವುದು 9ರಲ್ಲಿ 5.6 ಕಳೆದು 3.4 ಬಾರ್. ಪಂಪ್ ಒಂದೇ, ಸಾಲು ಒಂದೇ. ಮುಂದಿನ ಮೆಂಬ್ರೇನಿಗೆ 8.6, ಹಿಂದಿನದಕ್ಕೆ 3.4. ಪೊರೆಯ ಮೈಮೇಲಿನ ಉಪ್ಪಿನ ಪದರ ಸೇರಿಸಿದರೆ ಅದಕ್ಕಿಂತಲೂ ಕಡಿಮೆ. ನೀರು ಕಡಿಮೆ ಬಂತು ಅಂತ, ಉಳಿದ ಉಪ್ಪು ನೀರು ಹೊರಹೋಗುವ ರಿಜೆಕ್ಟ್ ವಾಲ್ವನ್ನು ಬಿಗಿ ಮಾಡುವ ಆಪರೇಟರುಗಳನ್ನು ನೋಡಿದ್ದೇನೆ. ಆ ದಿನ ನೀರು ಸ್ವಲ್ಪ ಜಾಸ್ತಿ ಬರುತ್ತದೆ. ಆದರೆ ಹಿಂದಿನ ಮೆಂಬ್ರೇನಿನ ಮೇಲೆ ಸುಣ್ಣ ಕಟ್ಟುತ್ತದೆ.

ಆಯ್ಕೆಯಲ್ಲಿ ಗಮನಿಸಬೇಕಾದ್ದು, ಲಕೋಟೆಗಳ ನಡುವೆ ಉಪ್ಪು ನೀರು ಹರಿಯುವ ಜಾಲರಿಯ ದಪ್ಪ. ಸುಮಾರು 0.7 ಮಿ.ಮೀ.ನಿಂದ 0.86 ಮಿ.ಮೀ. ವರೆಗೆ ಸಿಗುತ್ತದೆ. ತೆಳ್ಳಗಿದ್ದರೆ ಪೊರೆ ಜಾಸ್ತಿ ಹಿಡಿಸುತ್ತದೆ. ದಪ್ಪಗಿದ್ದರೆ ಒತ್ತಡ ಕಡಿಮೆ ಸೋರುತ್ತದೆ, ಕೊಳೆ ಬೇಗ ಕಟ್ಟುವುದಿಲ್ಲ. ನಮ್ಮ ಕಡೆಯ ಬೋರ್‌ವೆಲ್, ಕೆರೆ ನೀರಿಗೆ ದಪ್ಪ ಜಾಲರಿಯದ್ದನ್ನೇ ಕೇಳಿ ತೆಗೆದುಕೊಳ್ಳಿ. ಒಂದು ಸುರುಳಿಯಲ್ಲಿ ಮುಂದಿನ ತುದಿಗೂ ಹಿಂದಿನ ತುದಿಗೂ ಒತ್ತಡದ ವ್ಯತ್ಯಾಸ ಒಂದು ಬಾರ್ ದಾಟಬಾರದು. ದಾಟಿದರೆ ಒಳಗಿನ ಪದರಗಳು ಒಂದರೊಳಗಿಂದ ಒಂದು ಜಾರಿ, ದುರ್ಬೀನು ಎಳೆದ ಹಾಗೆ ಹೊರಗೆ ಬರುತ್ತವೆ.

ಇನ್ನು ನಾನೇ ಕಲಿತ ಪಾಠ. ನಮ್ಮ ಬಡಾವಣೆಯ ಆರ್‌ಓದಲ್ಲಿ ಶುದ್ಧ ನೀರಿನ ಟ್ಯಾಂಕನ್ನು ಎರಡನೇ ಮಹಡಿಯ ಮೇಲೆ ಇಟ್ಟೆವು. ಪೈಪ್ ಹಾಕಿದವರು ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿರಲಿಲ್ಲ, ನಾನೂ ನೋಡಲಿಲ್ಲ. ಪಂಪು ನಿಂತಾಗಲೆಲ್ಲ ಮೇಲಿನ 7 ಮೀಟರ್ ನೀರು ಪೊರೆಯನ್ನು ಹಿಂದಿನಿಂದ ತಳ್ಳುತ್ತಿತ್ತು. ಅಂದರೆ 0.7 ಬಾರ್. ಸುರುಳಿ ಹಿಂದಿನಿಂದ ತಡೆಯುವುದು ಹೆಚ್ಚೆಂದರೆ 0.3 ಬಾರ್. ಕೆಲವೇ ವಾರದಲ್ಲಿ ಅಂಟು ಬಿಟ್ಟು ಉಪ್ಪು ನೀರು ಶುದ್ಧ ನೀರಿನಲ್ಲಿ ಸೇರತೊಡಗಿತು. ಮುಂದಿನಿಂದ 10 ಬಾರ್ ಹೊತ್ತ ಮೆಂಬ್ರೇನ್ ಹಿಂದಿನಿಂದ ಒಂದು ಬಾರ್ ಕೂಡ ಹೊರಲಿಲ್ಲ. ಇದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ, ಒಂದು ವಾಲ್ವ್ ಸಾಕಿತ್ತು. ದಯವಿಟ್ಟು ನಿಮ್ಮ ಆರ್‌ಓ ಟ್ಯಾಂಕ್ ಎತ್ತರದಲ್ಲಿದ್ದರೆ ಇವತ್ತೇ ಹೋಗಿ ನೋಡಿ.

ದಪ್ಪ ಕೊಳವೆ

ಕ್ಯಾಲಿಫೋರ್ನಿಯಾದ ಕೊಲಿಂಗ ಊರಿನಲ್ಲಿ 1965ರಲ್ಲಿ ಶುರುವಾದ ಆರಂಭದ ಆರ್‌ಓ ಘಟಕ ಕೊಳವೆ ಮೆಂಬ್ರೇನಿನದ್ದೇ. ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್ ಕಂಡುಹಿಡಿದ ಪೊರೆಯನ್ನು ಅದರಲ್ಲಿ ಬಳಸಿದ್ದರು. ಈಗ ಕುಡಿಯುವ ನೀರಿಗೆ ಇದನ್ನು ಹಾಕುವುದು ಅಪರೂಪ. ಕಾರಣ ಸರಳ: 12 ಮಿ.ಮೀ. ಕೊಳವೆಯಲ್ಲಿ 37 ಚದರ ಮೀಟರ್ ಬೇಕಾದರೆ ಸುಮಾರು ಒಂದು ಕಿಲೋಮೀಟರ್ ಕೊಳವೆ ಹಾಸಬೇಕು. ಒಂದು ಸುರುಳಿ ಮಾಡುವ ಕೆಲಸಕ್ಕೆ ಒಂದು ಕಿಲೋಮೀಟರ್.

ಆದರೂ ಗಟ್ಟಿ ದ್ರವಕ್ಕೆ ಇದೇ ಸರಿ. ಹಣ್ಣಿನ ರಸ, ಕಸದ ರಾಶಿಯಿಂದ ಇಳಿಯುವ ಕಪ್ಪು ನೀರು, ಎಣ್ಣೆ ಬೆರೆತ ಕಾರ್ಖಾನೆಯ ನೀರು ಇಂಥವು ಸುರುಳಿಯ ಜಾಲರಿಯಲ್ಲಿ ಕ್ಷಣದಲ್ಲಿ ಕಟ್ಟಿಕೊಳ್ಳುತ್ತವೆ. ದಪ್ಪ ಕೊಳವೆಯಲ್ಲಿ ದಾರಿ ಅಗಲ, ಉಜ್ಜಾಟದ ನಷ್ಟ ಮೀಟರಿಗೆ ಕಡಿಮೆ. ಸೆಕೆಂಡಿಗೆ 2ರಿಂದ 4 ಮೀಟರ್ ವೇಗದಲ್ಲಿ ನುಗ್ಗಿಸಿದರೆ ಸುಳಿಗಳೇ ಪೊರೆ ತೊಳೆಯುತ್ತವೆ. ಸ್ಪಂಜಿನ ಉಂಡೆ ಒಳಗೆ ಬಿಟ್ಟು ಉಜ್ಜಲೂ ಆಗುತ್ತದೆ. ಆ ವೇಗ ಕೊಡಲು ಪಂಪು ತಿನ್ನುವ ಕರೆಂಟು ಮಾತ್ರ ಬಹಳ. ದ್ರವ ಬೆಲೆಬಾಳುವುದಾಗಿದ್ದರೆ, ಇಲ್ಲವೇ ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಇದು.

ರಕ್ತಕ್ಕೆ ಯಾಕೆ ನೂಲೇ ಬೇಕು

ರೋಗಿಯ ರಕ್ತ ಶುದ್ಧ ಮಾಡುವ ಡಯಾಲಿಸಿಸ್ ನಾವು ಆರಿಸುವ ವಿಷಯ ಅಲ್ಲ, ಆದರೆ ಆಕಾರ ಮತ್ತು ಒತ್ತಡದ ಸಂಬಂಧ ಇಷ್ಟು ಚೆನ್ನಾಗಿ ಕಾಣುವ ಜಾಗ ಇನ್ನೊಂದಿಲ್ಲ. 1943ರ ಹೊತ್ತಿಗೆ ನೆದರ್‌ಲ್ಯಾಂಡ್ಸಿನಲ್ಲಿ ವಿಲೆಮ್ ಕೊಲ್ಫ್ ಸೆಲೊಫೇನ್ ಕೊಳವೆಯನ್ನು ಡ್ರಮ್ಮಿಗೆ ಸುತ್ತಿ ಡಯಾಲಿಸಿಸ್ ಯಂತ್ರ ಮಾಡಿದರು. 1960ರಲ್ಲಿ ನಾರ್ವೆಯ ಫ್ರೆಡ್ರಿಕ್ ಕೀಲ್ ಹಾಳೆಗಳ ಯಂತ್ರ ತಂದರು. ಕೊಳವೆ ಸುತ್ತಿದ ಯಂತ್ರಗಳಲ್ಲೂ ಹಾಳೆಯ ಯಂತ್ರಗಳಲ್ಲೂ ಒಂದು ಕಷ್ಟ ಇತ್ತು. ಒತ್ತಡ ಏರಿದರೆ ಮೆತ್ತಗಿನ ಪೊರೆ ಉಬ್ಬುತ್ತದೆ, ರೋಗಿಯ ರಕ್ತ ಯಂತ್ರದಲ್ಲಿ ಜಾಸ್ತಿ ತುಂಬಿಕೊಳ್ಳುತ್ತದೆ.

ಈಗಿನ ಡಯಲೈಸರ್ ಒಂದು ಹಿಡಿಯಲ್ಲಿ ಹಿಡಿಯಬಹುದಾದ ಕೊಳವೆ. ಒಳಗೆ ಸುಮಾರು 10,000 ನೂಲು, ಒಂದೊಂದರ ಒಳವ್ಯಾಸ 0.2 ಮಿ.ಮೀ. ಕಾಲು ಮೀಟರ್ ಉದ್ದ ಅಂತ ಲೆಕ್ಕ ಹಾಕಿದರೆ ಒಂದೂವರೆ ಚದರ ಮೀಟರ್ ಪೊರೆ. ಸಣ್ಣ ನೂಲು ಒತ್ತಡಕ್ಕೆ ಉಬ್ಬುವುದಿಲ್ಲ, ಹಾಗಾಗಿ ಹೊರಗಿರುವ ರಕ್ತದ ಪ್ರಮಾಣ ಬದಲಾಗುವುದಿಲ್ಲ. ಎಷ್ಟು ನೀರು ತೆಗೆಯಬೇಕು ಅನ್ನುವುದು ವೈದ್ಯರ ಕೈಯಲ್ಲಿ ಇರುತ್ತದೆ. ಅಷ್ಟು ಸಣ್ಣ ನೂಲಿನಲ್ಲಿ ಒತ್ತಡ ಸೋರಬೇಕಲ್ವಾ? ಸೋರುತ್ತದೆ. ಆದರೆ ನೂಲು ಗಿಡ್ಡ, ಮತ್ತು ರಕ್ತ ಸಾವಿರಾರು ದಾರಿಗಳಲ್ಲಿ ಹಂಚಿಹೋಗುತ್ತದೆ. ಗಿಡ್ಡ ಮತ್ತು ಬಹಳ, ಇದೇ ಗುಟ್ಟು.

ಮನೆಗೆ

ಮನೆಯಲ್ಲಿ ಯುಎಫ್ (ಅಲ್ಟ್ರಾ ಫಿಲ್ಟರೇಶನ್) ಅಂತ ಬರುವ ಫಿಲ್ಟರಿನಲ್ಲಿ ನೂಲು, ಆರ್‌ಓ ಅಂತ ಬರುವುದರಲ್ಲಿ ಸುರುಳಿ. ಕಾವೇರಿ ನೀರು ಬರುವ ಮನೆಗೆ ಉಪ್ಪು ತೆಗೆಯುವ ಅಗತ್ಯ ಇಲ್ಲ. ನೂಲಿನ ಫಿಲ್ಟರಿಗೆ ಟ್ಯಾಂಕಿನ ಎತ್ತರದಿಂದ ಬರುವ ಒತ್ತಡವೇ ಸಾಕು, ನೀರು ವ್ಯರ್ಥವೂ ಆಗುವುದಿಲ್ಲ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದ್ದರೆ ನೂಲಿನ ಯುಎಫ್ ಅದನ್ನು ತಡೆಯುವುದೇ ಇಲ್ಲ. ಅಲ್ಲಿ ಸುರುಳಿಯ ಆರ್‌ಓ ಬೇಕು. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಫ್ಲೋರೈಡಿಗೆ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರು ಸಿಗದಿದ್ದರೆ 1.5 ಮಿಲಿಗ್ರಾಂ ವರೆಗೆ ಮಿತಿ ಇದೆ. ಮೊದಲು ನೀರು ಪರೀಕ್ಷೆ ಮಾಡಿಸಿ, ಆಮೇಲೆ ಅಂಗಡಿಗೆ ಹೋಗಿ.

ಕೊಟೇಶನ್ ಕೊಟ್ಟವರನ್ನು ಕೇಳಬೇಕಾದ್ದು

ಎಷ್ಟು ಬಾರ್ ಅಂತ ಕೇಳಿದರೆ ಒಂದು ಸಂಖ್ಯೆ ಹೇಳಿಬಿಡುತ್ತಾರೆ. ಅದರ ಬದಲು, ಆ ಒತ್ತಡ ಎಲ್ಲಿ ಅಳೆದದ್ದು ಅಂತ ಕೇಳಿ. ಹಿಂದಿನ ತುದಿಯಲ್ಲಿ ಎಷ್ಟು ಉಳಿಯುತ್ತದೆ? ಹಿಂದಿನಿಂದ ಎಷ್ಟು ಒತ್ತಡ ತಡೆಯುತ್ತದೆ? ಪ್ರತಿ ಸಾಲಿನ ಎರಡೂ ತುದಿಗೆ ಗೇಜ್ ಕೊಡುತ್ತೀರಾ? ಉತ್ತರ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಆ ಸಮಿತಿಯವರು ಕೊನೆಗೆ ಹಾಳೆಯನ್ನೇ ಆರಿಸಿದರು. ಅವರಲ್ಲಿ ಹಳೆಯ ದೊಡ್ಡ ತೊಟ್ಟಿ ಖಾಲಿ ಇತ್ತು, ಆಪರೇಟರ್ ಒಬ್ಬರೇ, 1 ಮಿ.ಮೀ. ಜಾಲರಿ ಕೂರಿಸಲು ಜಾಗ ಇರಲಿಲ್ಲ. ಶುರುವಾದ ಮೊದಲ ವಾರ ದಿನವೂ ಎಳೆತ, ಹರಿವು, ನೀರಿನ ತಾಪಮಾನ ಮೂರನ್ನೂ ಪುಸ್ತಕದಲ್ಲಿ ಬರೆಯಲು ಹೇಳಿದ್ದೇನೆ. ತಾಪಮಾನ ಯಾಕೆ ಅಂದರೆ ತಣ್ಣಗಿನ ನೀರು ಮಂದ. ಒಂದು ಡಿಗ್ರಿ ಇಳಿದರೆ ಹರಿವು ಶೇಕಡಾ 2ರಿಂದ 3ರಷ್ಟು ಇಳಿಯುತ್ತದೆ. ಏಪ್ರಿಲ್‌ನಲ್ಲಿ ಬರೆದ ಲೆಕ್ಕ ಇಲ್ಲದಿದ್ದರೆ ಡಿಸೆಂಬರ್‌ನ ಬೆಳಗ್ಗೆ ಸುಮ್ನೆ ಮೆಂಬ್ರೇನ್ ಕೆಟ್ಟಿತು ಅಂದುಕೊಂಡು ಆಸಿಡ್ ಹಾಕಿ ತೊಳೆಯಲು ಶುರು ಮಾಡುತ್ತಾರೆ.